ಕಂಡಕ್ಟರರ ಬ್ರೆಡ್ಡಿನ ಗಾಡಿ

ಗುರುವಾರ ಮಾಡಿದ ಕೆಲಸಗಳು ಇಷ್ಟು. ಐದು ಗಂಟೆಗೆ ಎದ್ದೆ. ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹಾಕಿದೆ. ಎರಡು ಹಸುಗಳ ಹಾಲು ಕರೆದೆ. ನಮ್ಮ ಮನೆಯವರು ಕ್ಯಾನು ಹಿಡಿದು ಡೈರಿಗೆ ಹೋದರು. ಅತ್ತೆಗೆ ಕಾಫಿ ಕಾಯಿಸಿ ಕೊಟ್ಟೆ. ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಕೂತೆ, ಅರ್ಧಕ್ಕೇ ಎದ್ದೆ. ಪಕ್ಕದ ಮನೆಯ ಕಂಡಕ್ಟರರ ಕಾಲು ಮುಟ್ಟಿ ನೋಡಿದೆ. ವಾಪಸು ಬಂದು ಆ ಅರ್ಧ ರಂಗೋಲಿಯ ಮೇಲೆ ಒಂದು ಕೊಡ ನೀರು ಸುರಿದೆ. ಮತ್ತೆ ಅವರ ಅಡುಗೆಮನೆಗೆ ಹೋಗಿ ಒಂದು ಯಂತ್ರಕ್ಕೆ ಅಡ್ಡ ನಿಂತೆ. ಏಳು ಗಂಟೆಗೆ ಅದರೊಳಗಿನ ಬ್ರೆಡ್ಡು ಇಳಿಸಿದೆ.

ಇವತ್ತಿಗೆ ನಾಲ್ಕು ದಿನವಾಯಿತು. ಬೆಳಿಗ್ಗೆ ಹಾಲು ಕರೆಯುವಾಗ ಕಂಡಕ್ಟರರ ಪಾಲಿನ ಅರ್ಧ ಲೀಟರು ಬೇರೆ ಚೊಂಬಿಗೆ ಬಗ್ಗಿಸುತ್ತೇನೆ, ಆಮೇಲೆ ಅದನ್ನು ಮತ್ತೆ ಕ್ಯಾನಿಗೆ ಹಾಕುತ್ತೇನೆ. ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಪಕ್ಕದ ಮನೆ ಅಂದರೆ ನಮ್ಮದೇ ಮನೆಯ ಬಲಗಡೆಯ ಭಾಗ. ಮೈದುನ ಶ್ರೀರಂಗಪಟ್ಟಣದಲ್ಲಿ ಮನೆ ಕಟ್ಟಿಕೊಂಡು ಹೋದ ಮೇಲೆ ಖಾಲಿ ಬಿದ್ದಿತ್ತು. ನಡುವೆ ಒಂದೇ ಗೋಡೆ. ಆರು ವರ್ಷದ ಕೆಳಗೆ ಒಬ್ಬರು ಬಂದು, ಬಾಗಿಲಲ್ಲೇ ನಿಂತು, "ಪಾಲಹಳ್ಳಿಲಿ ಇಳ್ಕೊಳೋವ್ರು ಒಬ್ರವ್ರೆ, ಜಾಗ ಅದಾ ಅವ್ವಾ?" ಎಂದರು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಆಗಷ್ಟೇ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಅವರು ಕೂತದ್ದನ್ನು ನಾನು ಕಾಣೆ. ಊಟ, ಕಾಫಿ, ಹರಟೆ ಎಲ್ಲಾ ನಿಂತೇ. ಒಂದು ಕೈ ಮೇಲೆ ಚಾಚಿ ಬಾಗಿಲ ಚೌಕಟ್ಟು ಹಿಡಿದಿರುತ್ತಿದ್ದರು. "ಕುಂತ್ಕೊಳ್ಳಿ ಅಣ್ಣ" ಅಂದರೆ, "ಸೀಟು ಪ್ಯಾಸೆಂಜರ್‌ಗೆ ಕಣವ್ವ" ಅನ್ನುತ್ತಿದ್ದರು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಅವರ ಆಯುಷ್ಯವೆಲ್ಲ ಈ ನಾಲ್ಕು ಊರಿನ ನಡುವೆ ಓಡಾಡಿ ಕಳೆದಿತ್ತು. ಚಿನಕುರಳಿಯಲ್ಲಿ ಯಾವ ಹೋಟೆಲಿನ ಕಾಫಿ ಯಾವ ಹೊತ್ತಿಗೆ ಚೆನ್ನಾಗಿರುತ್ತದೆ ಎಂದು ಗೊತ್ತಿತ್ತು; ಸ್ವಂತ ಮನೆಯಲ್ಲಿ ಕಾಫಿ ಮಾಡುವುದು ಗೊತ್ತಿರಲಿಲ್ಲ. ನಾನು ತೋರಿಸಿಕೊಟ್ಟೆ.

ಆ ಯಂತ್ರ ಬಂದದ್ದು ಎರಡು ವರ್ಷದ ಕೆಳಗೆ. ಕೆ.ಆರ್.ಎಸ್. ಹತ್ತಿರದ ಒಂದು ಲಾಡ್ಜು ಮುಚ್ಚಿ ಸಾಮಾನು ಮಾರುತ್ತಿದ್ದಾಗ ತಂದರು. ಬಿಳಿ ಡಬ್ಬ, ಮೇಲೆ ಗಾಜಿನ ಕಿಟಕಿ, ಮುಂದುಗಡೆ ಗುಂಡಿಗಳು. ಹಿಟ್ಟು, ನೀರು, ಈಸ್ಟು ಹಾಕಿ ಮುಚ್ಚಿದರೆ ತಾನೇ ನಾದಿ, ತಾನೇ ಉಬ್ಬಿಸಿ, ತಾನೇ ಬೇಯಿಸಿ ಕೊಡುತ್ತದೆಯಂತೆ. ಜೊತೆಗಿದ್ದ ಪುಸ್ತಕ ಯಾವ ದೇಶದ ಭಾಷೆಯದೋ, ಒಂದಕ್ಷರ ತಿಳಿಯಲಿಲ್ಲ.

ಮೊದಲ ತಪ್ಪು ನನ್ನದು. "ಎಸರು ಕುದೀಬೇಕಾ ಅವ್ವಾ?" ಎಂದು ಕೇಳಿದರು. ಹಿಟ್ಟು ಅಂದ ಮೇಲೆ ಎಸರು ಕುದಿಯದೆ ಇನ್ನೇನು? ನಮ್ಮ ಸೀಮೆಯಲ್ಲಿ ಮುದ್ದೆ ಕಟ್ಟುವ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. "ಗಳಗಳ ಅಂತ ಕುದ್ದಿರಬೇಕು" ಅಂದೆ. ಕುದಿಯುವ ನೀರನ್ನು ಈಸ್ಟಿನ ಮೇಲೆ ಸುರಿದರು. ಬಂದದ್ದು ಇಟ್ಟಿಗೆ. ಮರುದಿನ ಎಸರು ಇನ್ನೂ ಚೆನ್ನಾಗಿ ಕಾಯಿಸಿದರು. ಇನ್ನೂ ಗಟ್ಟಿ ಇಟ್ಟಿಗೆ. ಮೂರನೆಯದನ್ನು ನಮ್ಮ ಹಸು ಮೂಸಿ ನೋಡಿ ಮುಖ ತಿರುಗಿಸಿತು. ಆಮೇಲೆ ಪಾಂಡವಪುರದ ಬೇಕರಿಯವರನ್ನು ಕೇಳಿ ಬಂದು ಚೌಕಟ್ಟು ಹಿಡಿದು ನಿಂತರು.

"ಈಸ್ಟು ಅಂದ್ರೆ ಜೀವ ಇರೋದಂತೆ ಕಣವ್ವ. ಬದುಕಿರೋದ್ರ ಮ್ಯಾಲೆ ಮೂರು ದಿನ ಎಸರು ಸುರಿದ್ಬುಟ್ವಲ್ಲ."

ಉಗುರುಬೆಚ್ಚಗಿನ ನೀರು ಹಾಕಿದ ದಿನ ಬ್ರೆಡ್ಡು ಡಬ್ಬದ ಬಾಯಿಯವರೆಗೂ ಎದ್ದು ಬಂತು. ಅದನ್ನು ತಟ್ಟೆಯಲ್ಲಿಟ್ಟುಕೊಂಡು ಬೀದಿಯ ಎಂಟು ಮನೆಗೂ ತೋರಿಸಿ ಬಂದರು. ಹೋದ ಕಡೆಯೆಲ್ಲ, "ಯಾರ್ಗೆ ಉಷಾರಿಲ್ಲ?" ಎಂದು ಕೇಳಿದರಂತೆ. ನಮ್ಮಲ್ಲಿ ಬ್ರೆಡ್ಡು ಕೊಂಡುಹೋಗುವುದು ಆಸ್ಪತ್ರೆಗೆ, ಇಲ್ಲವೆ ಜ್ವರದವರ ಮನೆಗೆ. ಒಂದು ಮನೆಯವರಂತೂ ಒಳ್ಳೇ ದಿನ ಬಾಗಿಲಿಗೆ ಬ್ರೆಡ್ಡು ತಂದ ಎಂದು ಮುನಿಸಿಕೊಂಡರು.

ನಮ್ಮತ್ತೆಗೆ ಎಂಬತ್ತು ದಾಟಿದೆ. ಮುದ್ದೆ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿ ಬೆಳೆದ ಗಂಟಲು. ಕಂಡಕ್ಟರರು ಕೊಟ್ಟ ಬ್ರೆಡ್ಡನ್ನೂ ಹಾಗೆಯೇ ಉಂಡೆ ಮಾಡಿ ಹುರುಳಿ ಸಾರಿಗೆ ಅದ್ದಿ ನುಂಗಿದರು. ಅದು ಗಂಟಲಲ್ಲೇ ಊದಿಕೊಂಡು ಕೂತಿತು. ಬೆನ್ನು ಗುದ್ದಿ, ನೀರು ಕುಡಿಸಿ, ಕಣ್ಣಲ್ಲಿ ನೀರು ಬಂದ ಮೇಲೆ ಇಳಿಯಿತು.

"ಯಾಕ್ಲಾ ಕಂಡಕ್ಟ್ರೇ, ನನ್ನ ಕೊನೇ ಸ್ಟಾಪಿಗೆ ಇಳ್ಸಕ್ಕೆ ಮಾಡಿದ್ದಾ ಇದ್ನ?"

"ನಿಂಗೆ ಪಾಸು ಅದೆ ಕಣವ್ವೋ, ಇನ್ನೂ ಇಪ್ಪತ್ತು ವರ್ಸ ಓಡ್ತದೆ. ಅಗ್ದು ತಿನ್ನು."

"ಅಗಿಯೋಕೆ ಅಲ್ಲು ನೀನು ತಂದ್ಕೊಡ್ತೀಯಾ?"

ಆಮೇಲಿಂದ ಅತ್ತೆ ಅದನ್ನು ಹಾಲಿಗೆ ಅದ್ದಿ ತಿನ್ನುತ್ತಿದ್ದರು. ಬೈಯುವುದನ್ನು ಬಿಡಲಿಲ್ಲ, ತಿನ್ನುವುದನ್ನೂ ಬಿಡಲಿಲ್ಲ.

ಗುಂಡಿಗಳಿಗೆ ಅವರು ಹೆಸರಿಟ್ಟ ಬಗೆಯನ್ನು ಹೇಳಬೇಕು. ಓದಲು ಬಾರದ ಆ ಅಕ್ಷರಗಳ ಮೇಲೆ ಗಾಯಕ್ಕೆ ಹಾಕುವ ಅಂಟುಪಟ್ಟಿ ಅಂಟಿಸಿ ಪೆನ್ನಿನಲ್ಲಿ ಬರೆದಿದ್ದರು. ಒಂದು ಗಂಟೆಯಲ್ಲಿ ಮುಗಿಯುವುದು 'ಪಾಂಡವಪುರ'. ಎರಡು ಗಂಟೆಯದು 'ಕೆ.ಆರ್.ಪೇಟೆ'. ಗೋಧಿ ಹಿಟ್ಟಿಗೆ ಮೂರೂವರೆ ಗಂಟೆ ಹಿಡಿಯುವುದು 'ನಾಗಮಂಗಲ'. ಹೋಗಿ, ಟೀ ಕುಡಿದು, ವಾಪಸು ಬರುವ ಹೊತ್ತು ಅದು. ನಾದುವ ಸದ್ದು ಕೇಳಿದರೆ "ರಸ್ತೆ ಕೆಟ್ಟದೆ" ಅನ್ನುತ್ತಿದ್ದರು. ಹಿಟ್ಟು ಉಬ್ಬಲಿಕ್ಕೆ ಯಂತ್ರ ಸುಮ್ಮನಾದರೆ "ಟೀಗೆ ನಿಂತದೆ". ಕಾವು ಹತ್ತಿದ ಮೇಲೆ ಮುಚ್ಚಳ ತೆಗೆಯುವಂತಿಲ್ಲ: "ಓಡೋ ಗಾಡಿ ಬಾಗ್ಲು ತಗೀಬಾರ್ದು." ಹತ್ತು ನಿಮಿಷಕ್ಕಿಂತ ಹೆಚ್ಚು ಕರೆಂಟು ಹೋದರೆ ಗಾಡಿ ಎಲ್ಲಿದ್ದೆ ಎನ್ನುವುದನ್ನೇ ಮರೆತುಬಿಡುತ್ತಿತ್ತು. ಅದಕ್ಕೇ ನಮ್ಮೂರ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಗಮನಿಸಿ, ನಸುಕಿನ ಹೊತ್ತೇ ಸರಿ ಎಂದು ಗೊತ್ತುಮಾಡಿಕೊಂಡಿದ್ದರು. ಮಲಗುವ ಮುಂಚೆ ಎಲ್ಲಾ ಅಳೆದು ಹಾಕಿ, ನಸುಕಿಗೆ ತಾನೇ ಶುರುವಾಗಿ ಏಳು ಗಂಟೆಗೆ ಮುಗಿಯುವ ಹಾಗೆ ಗುಂಡಿ ಒತ್ತಿಟ್ಟು ಮಲಗುತ್ತಿದ್ದರು. ಗೋಡೆಯಾಚೆಯ ಆ ಗರಗರ ನನಗೆ ಕೋಳಿ ಕೂಗಿದಷ್ಟೇ ರೂಢಿಯಾಗಿತ್ತು.

ಒಮ್ಮೆ ಕೇಳಿದೆ, "ಬೇಕರಿಲಿ ಸಿಗಲ್ವಾ ಅಣ್ಣ, ಇಷ್ಟು ಪಾಡು ಯಾಕೆ?"

ಅವತ್ತು ತಮಾಷೆಯ ಉತ್ತರ ಬರಲಿಲ್ಲ. "ಎದ್ದಾಗ ವಾಸ್ನೆ ಬತ್ತದೆ ಕಣವ್ವ. ಯಾರೋ ಎದ್ದು ಒಲೆ ಮುಂದೆ ಅವ್ರೆ ಅನ್ನಂಗೆ."

ಅವರಿಗೆ ಇದ್ದದ್ದು ಒಬ್ಬಳೇ ತಂಗಿ, ಕೆ.ಆರ್.ಪೇಟೆಯ ಆಚೆಯ ಅವರ ಹುಟ್ಟೂರಿನಲ್ಲೇ. ಆಕೆಯನ್ನು ಇದ್ದೂರಿಗೇ ಕೊಟ್ಟಿದ್ದರು. ಯಂತ್ರ ತಂದ ಮೇಲೆ ಮೂರು ಸಲ ಬ್ರೆಡ್ಡು ಕೊಂಡುಹೋದರು. ಮೂರು ಸಲವೂ ಆಕೆ ಮುಟ್ಟಲಿಲ್ಲ. ಒಂದು ಸಲ ಪಕ್ಕದ ಮನೆಗೆ ಕೊಟ್ಟಳು, ಒಂದು ಸಲ ಎಮ್ಮೆಗೆ ಹಾಕಿದಳು, ಮೂರನೆಯ ಸಲ ಬಂದ ಚೀಲದಲ್ಲೇ ವಾಪಸು ಕಳಿಸಿದಳು. "ನನ್ನ ಮನೇಲಿ ಒಲೆ ಇಲ್ವಾ, ನೀನು ಬೇಯಿಸ್ಕಂಡ್ ಬತ್ತೀಯಲ್ಲ" ಎಂದಳಂತೆ. ಬುಧವಾರ ಸಂಜೆ ಹಾಲಿಗೆ ಬಂದವರು ಹೇಳಿದರು:

"ನಾಳೆ ಮೊದಲ್ನೇ ಬಸ್ಸಿಗೆ ಬ್ಯಾಡ, ಬ್ರೆಡ್ಡು ಇಳ್ಸ್ಕಂಡು ಎಂಟು ಗಂಟೆದಕ್ಕೆ ಓಯ್ತೀನಿ. ತಂಗೀಗೆ ಅಂತ ಬೆಲ್ಲ ಜಾಸ್ತಿ ಹಾಕಿ ನಾಗಮಂಗಲ ಮಡಗ್ತೀನಿ. ಈ ಸಲ ತಿನ್ನಿಸ್ದೆ ಬರಕಿಲ್ಲ."

"ತಿನ್ನದಿದ್ರೆ?"

"ಅಲ್ಲೇ ನಿಂತ್ಕತೀನಿ. ನಿಂತ್ಕೊಳೋದು ನಂಗೇನು ಹೊಸದಾ?"

ಅದೇ ಕೊನೆಯ ಮಾತು. ಚೊಂಬು ಹಿಡಿದು, ಮೆಟ್ಟಿಲಿಳಿದು, ಹೋದರು.

ಗುರುವಾರ ಐದೂವರೆಗೆ ಹಾಲಿಗೆ ಬರಲಿಲ್ಲ. ಗೋಡೆಯಾಚೆ ಯಂತ್ರ ಒಂದು ಸುತ್ತು ಗರಗರ ಅಂದಿತು. ಅದಕ್ಕೇ ಎದ್ದಿದ್ದಾರೆ, ಪ್ರಯಾಣದ ಗಡಿಬಿಡಿಯಲ್ಲಿದ್ದಾರೆ ಅಂದುಕೊಂಡೆ. ನನ್ನನ್ನು ಈಗಲೂ ಚುಚ್ಚುವುದು ಇದೇ. ಮನುಷ್ಯ ಎದ್ದಿದ್ದಾನೆ ಎಂದು ನಾನು ಯಂತ್ರದ ಸದ್ದಿನಿಂದ ತಿಳಿದುಕೊಂಡೆ. ನಿಶ್ಚಿಂತೆಯಾಗಿ ಕಾಫಿ ಕಾಯಿಸಿದೆ. ರಂಗೋಲಿಗೆ ಚುಕ್ಕಿ ಇಡುವಾಗ ಅವರ ಬಾಗಿಲ ಮುಂದೆ ಹಿಂದಿನ ದಿನ ಬಿಟ್ಟ ಚಪ್ಪಲಿ ಹಾಗೇ ಇದ್ದವು, ಬಚ್ಚಲ ಹೊಗೆ ಎದ್ದಿರಲಿಲ್ಲ. ಎದ್ದು ಹೋಗಿ ಬಾಗಿಲು ತಳ್ಳಿದೆ. ಅವರು ಚಿಲಕ ಹಾಕುತ್ತಿರಲಿಲ್ಲ.

ಮಗ್ಗುಲಿಗೆ ತಿರುಗಿ, ಕೆನ್ನೆಯ ಕೆಳಗೆ ಕೈ ಇಟ್ಟು ಮಲಗಿದ್ದರು. ಮಲಗಿದ್ದನ್ನು ನೋಡಿದ್ದು ಅದೇ ಮೊದಲು. "ಅಣ್ಣ, ಹೊತ್ತಾಯ್ತು" ಅಂದೆ. ಕಾಲು ಮುಟ್ಟಿದೆ. ತಣ್ಣಗಿತ್ತು. ಕೈ ಹಿಂದಕ್ಕೆ ಎಳೆದುಕೊಂಡೆ, ಮತ್ತೆ ಮುಟ್ಟಿದೆ. ಅಡುಗೆಮನೆಯಲ್ಲಿ ಯಂತ್ರದ ಕೆಂಪು ದೀಪ ಉರಿಯುತ್ತಿತ್ತು.

ಹೇಳಿಕಳಿಸಿದ ಮೇಲೆ ಡೈರಿಯಿಂದ ನಮ್ಮ ಮನೆಯವರು ಓಡಿ ಬಂದರು. ಬೀದಿಯವರು ಬಂದರು. ಡಾಕ್ಟರು ಬಂದು ನೋಡಿ, ಜೀವ ಹೋಗಿ ಬಹಳ ಹೊತ್ತಾಗಿದೆ, ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು. ತಂಗಿಗೆ ಫೋನು ಮಾಡಿದ್ದಾಯಿತು. ಹೆಣವನ್ನು ಹಜಾರಕ್ಕೆ ತಂದು ಚಾಪೆಯ ಮೇಲೆ ಮಲಗಿಸಿದರು, ತಲೆಯ ಹತ್ತಿರ ದೀಪ ಇಟ್ಟರು. ಹೆಂಗಸರು ಕೂತರು. ಆಗ ಒಳಗಿಂದ ವಾಸನೆ ಬಂತು. ಬೇಯುತ್ತಿರುವ ಗೋಧಿ, ಕರಗುತ್ತಿರುವ ಬೆಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಳುತ್ತಿದ್ದವರ ಅಳು ನಿಂತುಹೋಯಿತು.

ಊರಿನ ಯಜಮಾನರೊಬ್ಬರು ಬಾಗಿಲಲ್ಲಿದ್ದರು. ಸಾವು ನೋವಿನ ಶಾಸ್ತ್ರವೆಲ್ಲ ಅವರ ಮಾತಿನಂತೆಯೇ. "ಯಾರವ್ವಾ ಒಲೆ ಹಚ್ಚಿರೋದು?"

"ಯಾರೂ ಇಲ್ಲ. ಅಣ್ಣನ ಬ್ರೆಡ್ಡಿನ ಗಾಡಿ ಅದು. ನೆನ್ನೆ ಅವ್ರೇ ಮಡಗಿರೋದು."

"ನಿಲ್ಸು. ಹೆಣ ಇರೋ ಮನೇಲಿ ಒಲೆ ಉರೀಬಾರ್ದು."

"ಇದು ಒಲೆ ಅಲ್ಲ ಯಜಮಾನ್ರೆ."

"ಬೇಯ್ತಾ ಅದೋ ಇಲ್ವೋ?"

"ಬೇಯ್ತಾ ಅದೆ."

"ಬೇಯ್ಸೋದೆಲ್ಲ ಒಲೆನೇ ಕಣವ್ವ. ವಯರು ಕೀಳು."

ಯಾರೋ ಅಡುಗೆಮನೆಯತ್ತ ಹೆಜ್ಜೆ ಇಟ್ಟರು. ನಾನು ಮುಂಚೆ ಹೋಗಿ ಯಂತ್ರಕ್ಕೂ ಗೋಡೆಯ ಪ್ಲಗ್ಗಿಗೂ ಅಡ್ಡ ನಿಂತೆ. ಹಾಗೆ ನಿಲ್ಲುವ ಹೆಂಗಸಲ್ಲ ನಾನು. ಮದುವೆಯಾಗಿ ಬಂದ ಮೇಲೆ ಊರ ಹಿರಿಯರಿಗೆ ಎದುರಾಡಿದ್ದಿಲ್ಲ. ಬೆನ್ನಿಗೆ ಡಬ್ಬದ ಕಾವು ತಾಕುತ್ತಿತ್ತು. "ಅರ್ಧ ಗಂಟೆ ಬುಡಿ. ತಂಗಿಗೆ ಅಂತ ಹಾಕವ್ರೆ" ಅಂದೆ. ನಮ್ಮ ಮನೆಯವರು ನನ್ನನ್ನು ದಿಟ್ಟಿಸಿ ನೋಡಿದರು, ಬಾ ಎಂದೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ಕೋಲೂರಿಕೊಂಡು ಅತ್ತೆ ಬಂದರು. ಮುಗಿಯಿತು ಅಂದುಕೊಂಡೆ. ಸೂತಕದ ವಿಷಯದಲ್ಲಿ ಅತ್ತೆ ಯಜಮಾನರಿಗಿಂತ ಬಿಗಿ. ದೂರದ ದಾಯಾದಿ ಸತ್ತರೂ ಮನೆಯ ಮಡಕೆಯ ನೀರೆಲ್ಲ ಚೆಲ್ಲಿಸುವವರು. ಅತ್ತೆ ಹೆಣ ನೋಡಿದರು. ಆಮೇಲೆ ಒಳಗೆ ಬಂದು ಬಗ್ಗಿ, ಯಂತ್ರದ ಗಾಜಿನೊಳಗೆ ನೋಡಿದರು.

"ಏನ್ಲಾ ಯಜಮಾನ, ಈಗ ತಗುದ್ರೆ ಅದು ಏನಾಗಿರ್ತದೆ?"

"ಏನಾಗಿರ್ತದೆ. ಹಸಿ ಹಿಟ್ಟು."

"ಹಸಿ ಹಿಟ್ಟಿನ ಉಂಡೆ. ಮಣ್ಣಾಗೋಕೂ ಮೊದ್ಲು ಹೆಣದ ಪಕ್ಕ ಹಸಿ ಹಿಟ್ಟಿನ ಉಂಡೆ ಮಡಗ್ತೀಯಾ? ಈಗ್ಲೇ ಪಿಂಡ ಇಡ್ತೀಯಾ ಅವನ್ಗೆ?"

ಇಂಥದ್ದೊಂದು ಯಜಮಾನರ ಶಾಸ್ತ್ರದಲ್ಲಿ ಬಂದಿರಲಿಲ್ಲ. "ಬೇಯ್ಲಿ ಬುಡು," ಎಂದರು ಅತ್ತೆ. "ಬೆಂದ್ಮೇಲೆ ಏನ್ಮಾಡ್ಬೇಕು ಅಂತ ಅವನ ತಂಗಿ ಏಳ್ತಾಳೆ." ಅಷ್ಟು ಹೇಳಿ ಹಜಾರಕ್ಕೆ ಹೋಗಿ ಹೆಣದ ಪಕ್ಕ ಕೂತು, ಆಗ ಅತ್ತರು.

ಆ ಅರ್ಧ ಗಂಟೆ ಕರೆಂಟು ಹೋಗದಿದ್ದರೆ ಸಾಕು ಎಂದು ನಾನು ಬಲ್ಬನ್ನೇ ನೋಡುತ್ತಾ ನಿಂತಿದ್ದೆ. ಸತ್ತ ಮನುಷ್ಯನನ್ನು ಹಜಾರದಲ್ಲಿ ಇಟ್ಟುಕೊಂಡು ಕರೆಂಟಿನ ಚಿಂತೆ ಮಾಡಿದೆನಲ್ಲ ಎಂದು ಈಗ ಅನ್ನಿಸುತ್ತದೆ. ಏಳು ಗಂಟೆಗೆ ಯಂತ್ರ ಕೀಂ ಕೀಂ ಎಂದು ಕೂಗಿತು. ಹೊರಗೆ ಕೂತಿದ್ದ ಒಬ್ಬಾಕೆ ಬೆಚ್ಚಿ ಎದ್ದು ನಿಂತುಬಿಟ್ಟಳು. ಬಟ್ಟೆ ಹಿಡಿದು ಪಾತ್ರೆ ತೆಗೆದು ಕವುಚಿದೆ. ಬ್ರೆಡ್ಡು ಬಿತ್ತು. ಅಂಥ ಚೆಂದದ ಬ್ರೆಡ್ಡು ಎರಡು ವರ್ಷದಲ್ಲಿ ಅವರಿಗೆ ಬಂದಿರಲಿಲ್ಲ.

ಎಲ್ಲಿಡುವುದು? ಅಲ್ಲಿ ಇಡುವಂತಿಲ್ಲ, ಸಾವಿನ ಮನೆ. ನಮ್ಮನೆಗೆ ತರುವಂತಿಲ್ಲ, ಸಾವಿನ ಮನೆಯಲ್ಲಿ ಬೆಂದದ್ದು. ಅತ್ತೆಯೇ ಕೋಲಿನಿಂದ ಹಿತ್ತಲಿನ ಸೀಬೆ ಮರ ತೋರಿಸಿದರು. ಹೊಸ ಟವೆಲ್ಲಿನಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿ ಕೊಂಬೆಗೆ ನೇತುಹಾಕಿದೆ. ಸೂರಿಲ್ಲದ ಕಡೆ ಸೂತಕವಿಲ್ಲ. ಚೀಲದ ಬಾಯಿಂದ ಸಣ್ಣಗೆ ಹಬೆ ಏಳುತ್ತಿತ್ತು.

ಒಂಬತ್ತೂವರೆಗೆ ತಂಗಿ ಬಂದಳು. ನನಗಿಂತ ಸ್ವಲ್ಪ ಹಿರಿಯಳು. ಅಣ್ಣನ ಪಕ್ಕ ಕೂತು ಅಳಲಿಲ್ಲ. "ಇವನ್ಯಾಕೆ ಮನ್ಗವ್ನೆ?" ಎಂದು ಎರಡು ಸಲ ಕೇಳಿದಳು. ಹುಟ್ಟೂರಲ್ಲೇ ಮಣ್ಣು ಮಾಡಬೇಕೆಂದು ಆಯಿತು. ವ್ಯಾನು ಬಂತು. ನಾನು, ನಮ್ಮ ಮನೆಯವರು ಜೊತೆಗೆ ಹೊರಟೆವು. ಹತ್ತುವ ಮುಂಚೆ ಹಿತ್ತಲಿಗೆ ಹೋಗಿ ಚೀಲ ಬಿಚ್ಚಿ ತಂದು ಅವಳ ಮುಂದೆ ಹಿಡಿದೆ.

"ನಿಮ್ಗೆ ಅಂತ ಹಾಕಿದ್ರು. ಅವ್ರು ಹೋದ್ಮೇಲೆ ಬೆಂತು. ಬ್ಯಾಡ ಅಂದ್ರೆ ಇಲ್ಲೇ ಬುಟ್ಬುಡ್ತೀನಿ."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಚೀಲವನ್ನು ಕೈಯಲ್ಲಿ ಹಿಡಿದಳು. ಅದು ಇನ್ನೂ ಸ್ವಲ್ಪ ಬೆಚ್ಚಗಿತ್ತು. ಚೀಲ ಬಿಡಲಿಲ್ಲ. ವ್ಯಾನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಚಿನಕುರಳಿ ಹತ್ತಿರ ಬಂದಾಗ, ನನ್ನ ಕಡೆ ತಿರುಗದೆ, ಹೇಳಿದಳು:

"ನನ್ನ ಮದ್ವೆ ಆಗ್ಲಿ, ಆಮೇಲೆ ನಂದು ಅಂತಿದ್ದ. ನನ್ನ ಬಾಣಂತನ ಮುಗೀಲಿ ಅಂದ. ಅಂಗೇ ವಯಸ್ಸಾಗೋಯ್ತು. ಅವನು ಬೇಯಿಸಿದ್ದ ತಿಂದ್ರೆ, ಅವನಿಗೆ ಬೇಯಿಸಾಕೋರು ಯಾರೂ ಇಲ್ಲ ಅಂತ ನಾನೇ ಒಪ್ಕಂಡಂಗೆ ಅಲ್ವಾ ಅಕ್ಕ? ಅದಕ್ಕೇ ಮುಟ್ತಿರ್ಲಿಲ್ಲ."

ನಾನು ಅವಳಿಗಿಂತ ಚಿಕ್ಕವಳು. ಅಕ್ಕ ಎಂದು ಯಾಕೆ ಕರೆದಳೋ. ಕಂಡಕ್ಟರರ ಮುಖದ ಮೇಲಿನ ಬಟ್ಟೆ ಗಾಳಿಗೆ ಸರಿಯುತ್ತಿತ್ತು, ಸರಿಮಾಡುತ್ತಾ ಕೂತೆ.

ಮಧ್ಯಾಹ್ನ ಮೂರಕ್ಕೆ ಮಣ್ಣಾಯಿತು. ಎಲ್ಲರೂ ಸ್ನಾನ ಮಾಡಿದೆವು. ವಾಪಸು ಬಸ್ಸು ಸಿಕ್ಕಲಿಲ್ಲ, ಅಲ್ಲೇ ಉಳಿದೆವು. ಸಾವಿನ ಮನೆಯೆಂದು ಅಕ್ಕಪಕ್ಕದವರು ಅನ್ನ, ಹುಳಿಸಾರು ತಂದು ಇಳಿಸಿದರು. ಬಡಿಸಲು ಹೋದವರನ್ನು ಆಕೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಚೀಲ ತಂದು, ಟವೆಲ್ಲು ಬಿಚ್ಚಿದಳು. ಅವಳ ಅತ್ತೆ, "ಎಲ್ಲಿಂದು ಅದು?" ಅಂದರು.

"ನಮ್ಮಣ್ಣ ಬೇಯ್ಸಿದ್ದು," ಎಂದಳು.

ಚಾಕು ಕೇಳಲಿಲ್ಲ, ಕೈಯಲ್ಲೇ ಮುರಿದಳು. ನಡುವೆ ಏನೋ ಗಟ್ಟಿಯಾಗಿ ಸಿಕ್ಕಿತು. ಬೆಚ್ಚಿ ಕೈ ತೆಗೆದಳು. ಯಂತ್ರದ ನಾದುವ ರೆಕ್ಕೆ, ಹೆಬ್ಬೆರಳಿನಷ್ಟು ಲೋಹ, ಬ್ರೆಡ್ಡಿನ ಅಡಿಯಲ್ಲಿ ಸಿಕ್ಕಿಕೊಂಡು ಬಂದಿತ್ತು. ಬ್ರೆಡ್ಡು ಕವುಚಿದಾಗ ಅದನ್ನು ತೆಗೆಯುವುದು ನನಗೆ ಹೊಳೆದಿರಲಿಲ್ಲ. "ಇದೇ ತಿರುಗಿ ತಿರುಗಿ ಹಿಟ್ಟು ಕಲಸೋದು" ಅಂದೆ. ಆಕೆ ಅದನ್ನು ತೊಳೆದು, ಒರೆಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಮೊದಲ ತುಂಡು ತಾನೇ ಬಾಯಿಗಿಟ್ಟಳು. ಬೆಳಗಿನಿಂದ ಬಾರದ ಅಳು ಆಗ ಬಂತು. ಅಳುತ್ತಲೇ ಅಗಿದಳು, ನಿಲ್ಲಿಸಲಿಲ್ಲ.

ಮಿಕ್ಕದ್ದನ್ನು ಮನೆಯಲ್ಲಿದ್ದ ಏಳು ಜನಕ್ಕೂ ಮುರಿದು ಕೊಟ್ಟಳು. ಬೆಲ್ಲ ಸ್ವಲ್ಪ ಮುಂದಾಗಿತ್ತು. ಅದರ ಮೇಲೆ ಎಲ್ಲರೂ ಎರಡೆರಡು ತುತ್ತು ಅನ್ನ, ಹುಳಿಸಾರು ಉಂಡೆವು. ಎಂಟು ಗಂಟೆಗೆಲ್ಲ ಚಾಪೆ ಹಾಸಿದರು. ನಮ್ಮ ಮನೆಯವರಿಗೆ ನಿದ್ದೆ ಬರಲಿಲ್ಲ, ನನಗೂ ಬರಲಿಲ್ಲ. ಮೊದಲು ನಿದ್ದೆ ಹೋದದ್ದು ತಂಗಿ. ಗೋಡೆಗೆ ಒರಗಿ, ಕೂತ ಹಾಗೆಯೇ.